ವಾಡೆಯ ಬೆಳ್ಳಿ ಸಾಮಾನು: ಗುರುತಿಸುವುದು, ತೊಳೆಯುವುದು, ಎತ್ತಿಡುವುದು

ದೀಪಾವಳಿಗೆ ವಾರವಿದೆ ಎನ್ನುವಾಗ ಅಟ್ಟದ ಮೇಲಿನ ಬೆಳ್ಳಿ ಪೆಟ್ಟಿಗೆ ಕೆಳಗಿಳಿಯುತ್ತದೆ. ಅದರ ಬೆನ್ನಿಗೇ ವಿಭೂತಿ ಗಟ್ಟಿ, ಹುಣಸೆಹಣ್ಣು, ನಿಂಬೆ ಹೋಳು ಹಿತ್ತಲಿಗೆ ಹೋಗುತ್ತವೆ. ಶಹಾಬಾದ ಪರಸಿಯ ಮೇಲೆ ತಾಟು, ಚರಗಿ, ದೀಪದ ಸಮೆಗಳನ್ನು ಹರಡಿ ತಿಕ್ಕಿದರೆ ಸಂಜೆಯೊಳಗೆ ಎಲ್ಲವೂ ಫಳಫಳ. ಹೀಗೆ ಮೂರು ತಲೆಮಾರು ತಿಕ್ಕಿಸಿಕೊಂಡ ತಾಟಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಬಳ್ಳಿ ಇರುತ್ತದೆ, ಎಲೆಯ ನರ ಇರುವುದಿಲ್ಲ. ನವಿಲು ಇರುತ್ತದೆ, ಅದರ ಕಣ್ಣು ಇರುವುದಿಲ್ಲ.

ಬೆಳ್ಳಿಯ ಮೇಲಿನ ಕಪ್ಪು ಹೊರಗಿನಿಂದ ಬಂದು ಕೂತ ಹೊಲಸಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯೊಂದಿಗೇ ಕೂಡಿ ಆದ ಪದರ ಅದು, ಸಿಲ್ವರ್ ಸಲ್ಫೈಡ್. ಮೊದಲು ತೆಳು ಹಳದಿ, ಆಮೇಲೆ ಕಂದು, ನೇರಳೆ-ನೀಲಿ, ಕೊನೆಗೆ ಕಪ್ಪು. ತಿಕ್ಕಿ ತೆಗೆದಾಗಲೆಲ್ಲ ಆ ಪದರದಲ್ಲಿದ್ದ ಬೆಳ್ಳಿಯೂ ನೀರಿನೊಂದಿಗೆ ಬಚ್ಚಲಿಗೆ ಹೋಗುತ್ತದೆ. ಹಾಗಾಗಿ ಹಳೆಯ ಬೆಳ್ಳಿಯ ಆರೈಕೆಯಲ್ಲಿ ನೂರಕ್ಕೆ ಎಂಬತ್ತು ಭಾಗ ಗಾಳಿಯನ್ನು ಕಾಯುವ ಕೆಲಸ, ತಿಕ್ಕುವುದು ಉಳಿದ ಸ್ವಲ್ಪ. ಈ ಬರಹದ ಹೆಚ್ಚಿನ ಜಾಗ ತೊಳೆಯುವ ಕ್ರಮಕ್ಕೇ ಹೋಗಿದೆ, ನಿಜ. ಹಾನಿ ಹೆಚ್ಚು ಆಗುವುದು ಅಲ್ಲೇ ಎಂಬುದು ಅದಕ್ಕೆ ಕಾರಣ.

ಪೆಟ್ಟಿಗೆಯಲ್ಲಿ ಏನೇನಿರುತ್ತದೆ

ಕಲಬುರಗಿ, ಬೀದರ, ಯಾದಗಿರಿ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ದೇಶಮುಖರ, ದೇಸಾಯರ, ಜಾಗೀರದಾರರ ವಾಡೆಗಳ ಪೆಟ್ಟಿಗೆಗಳು ಆ ಕಾಲದ ಹಾಗೆಯೇ ಕಲಬೆರಕೆ. ಊಟದ ತಾಟು, ವಾಟಗ, ಪಂಚಪಾತ್ರೆ, ಸಮೆಗಳ ಜೊತೆಗೇ ಅತ್ತರದಾನಿ, ಗುಲಾಬದಾನಿ, ಪಾನದಾನ, ತಬಕ, ಪೀಕದಾನಿ ಇರುತ್ತವೆ. ಬೀದರಿನ ಕರಿ ಹುಕ್ಕಾ ಬುರುಡೆ ಅದೇ ಬಟ್ಟೆಯಲ್ಲಿ ಸುತ್ತಿಕೊಂಡಿರುತ್ತದೆ. ಅದರ ಪಕ್ಕದಲ್ಲಿ ವಿಲಾಯತಿ ಚಹಾದ ಸೆಟ್ಟು, ತಳದಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರವಿರುವ ದೊಡ್ಡ ಟ್ರೇ. ನೋಟಕ್ಕೆ ಎಲ್ಲವೂ ಬೆಳ್ಳಿ. ಆದರೆ ಗಟ್ಟಿ ಬೆಳ್ಳಿಗೆ ಸಲ್ಲುವ ಆರೈಕೆ ಗಿಲೀಟಿಗೆ, ಅಂದರೆ ಬೇರೆ ಲೋಹದ ಮೇಲೆ ತೆಳುವಾಗಿ ಬೆಳ್ಳಿ ಹಿಡಿಸಿದ್ದಕ್ಕೆ, ಸಲ್ಲದು; ಗಿಲೀಟಿಗೆ ಸಲ್ಲುವುದು ಬಿದರಿಗೆ, ಅಂದರೆ ಬೀದರಿನ ಆ ಕರಿ ಲೋಹದ ಕೆಲಸಕ್ಕೆ, ಸಲ್ಲದು. ಆದ್ದರಿಂದ ವಿಂಗಡಿಸುವವರೆಗೆ ನೀರು ಮುಟ್ಟಬೇಡಿ.

ಮೊದಲ ದಿನ: ತೂಗಿ, ಅಳೆದು, ಬರೆದಿಡಿ

ದೊಡ್ಡ ಮೇಜಿನ ಮೇಲೆ ಹಳೆಯ ಕಂಬಳಿ ಹಾಸುವ ಮನಸ್ಸಾಗುತ್ತದೆ. ಬೇಡ, ಉಣ್ಣೆಯಲ್ಲೇ ಗಂಧಕವಿದೆ. ಒಗೆದ ದಪ್ಪ ಹತ್ತಿ ಚಾದರ ಹಾಸಿ. ಕೈಗೆ ನೈಟ್ರೈಲ್ ಗವಸು ಹಾಕಿ. ವೈದ್ಯರ ಹಳದಿ ರಬ್ಬರ್ ಗವಸಿನಲ್ಲಿ ಗಂಧಕವಿರುತ್ತದೆ, ಹತ್ತಿಯ ಗವಸಿನಲ್ಲಿ ನಯವಾದ ಚರಗಿ ಜಾರುತ್ತದೆ. ಬರಿಗೈಯಿಂದ ಹಿಡಿದರೆ ಬೆವರಿನ ಉಪ್ಪು ಬೆಳ್ಳಿಯನ್ನು ತಿಂದು, ಕೆಲವು ತಿಂಗಳಲ್ಲಿ ಬೆರಳಚ್ಚು ಕಪ್ಪಾಗಿ ಮೂಡುತ್ತದೆ. ಆ ಗುರುತು ಹೋಗಿಸುವುದು ಕಷ್ಟ.

ಒಂದೊಂದು ವಸ್ತುವಿಗೂ ಒಂದು ಸಂಖ್ಯೆ ಕೊಡಿ. ಸಂಖ್ಯೆಯನ್ನು ವಸ್ತುವಿನ ಮೇಲೆ ಗೀಚಬೇಡಿ, ಅಂಟು ಚೀಟಿಯನ್ನೂ ಹಚ್ಚಬೇಡಿ. ದಪ್ಪ ಕಾಗದದ ಚೀಟಿಗೆ ಬಿಳಿ ಹತ್ತಿ ದಾರ ಕಟ್ಟಿ ಹಿಡಿಕೆಗೋ ಕೊರಳಿಗೋ ತೂಗುಬಿಡಿ. ರಬ್ಬರ್ ಬ್ಯಾಂಡ್ ಹಾಕಿದರೆ ಒಂದೇ ಮಳೆಗಾಲದಲ್ಲಿ ಅದರ ಆಕಾರದ ಕಪ್ಪು ಗೆರೆ ಬೀಳುತ್ತದೆ. ದಫ್ತರದಲ್ಲಿ ಹೆಸರು, ಎತ್ತರ ಮತ್ತು ಅಗಲ ಮಿಲಿಮೀಟರಿನಲ್ಲಿ, ತೂಕ 0.1 ಗ್ರಾಂವರೆಗೆ, ಮುದ್ರೆಗಳು, ತಗ್ಗು, ಬಿರುಕು, ಹಳೆಯ ಬೆಸುಗೆ, ಸಡಿಲವಾದ ಭಾಗ ಇಷ್ಟೂ ಇರಲಿ. ಫೋಟೊ ತೆಗೆಯುವಾಗ ಬೆಳಕು ಪಕ್ಕದಿಂದ, ತೀರಾ ತಗ್ಗಿನಿಂದ ಬೀಳಲಿ. ನೇರ ಬೆಳಕಿನಲ್ಲಿ ಕಾಣದ ಸವಕಲು ಕೆತ್ತನೆಯೂ ಮುದ್ರೆಯೂ ಆಗ ಎದ್ದು ಕಾಣುತ್ತವೆ.

ಮನೆಯಲ್ಲಿ ಅಜ್ಜನ ಕಾಲದ ಯಾದಿ ಸಿಕ್ಕರೆ ಅದೃಷ್ಟ. ಆದರೆ ಓದುವಾಗ ಒಂದು ಎಚ್ಚರ ಬೇಕು. ಇಂದು ಸರಾಫ ಬಜಾರದಲ್ಲಿ ತೊಲೆ ಎಂದರೆ 10 ಗ್ರಾಂ, ಯಾದಿಯ ತೊಲೆ 11.66 ಗ್ರಾಂ. 12 ಮಾಸಿಗೆ ಒಂದು ತೊಲೆ, 80 ತೊಲೆಗೆ ಒಂದು ಸೇರು. ಯಾದಿಯಲ್ಲಿ ‘ತಾಟು, 36 ತೊಲೆ’ ಎಂದಿದ್ದರೆ ಅದು ಸುಮಾರು 420 ಗ್ರಾಂ. ಇಂದು ತಕ್ಕಡಿ 412 ತೋರಿಸಿದರೆ, ತಾಟು ಅದೇ ಎಂಬುದು ಖಾತ್ರಿಯಿದ್ದರೆ, 8 ಗ್ರಾಂ ಎಲ್ಲಿ ಹೋಯಿತೆಂದು ಹುಡುಕಲು ಬಚ್ಚಲು ನೋಡಿದರೆ ಸಾಕು. ಯಾರೋ 360 ಗ್ರಾಂ ಎಂದು ಲೆಕ್ಕ ಹಾಕಿ ‘ತೂಕ ಹೆಚ್ಚಿದೆ’ ಎಂದು ಹಿಗ್ಗುವುದೂ ಉಂಟು.

ಗಟ್ಟಿ ಬೆಳ್ಳಿಯೋ, ಗಿಲೀಟೋ

ಮೊದಲು ಮುದ್ರೆ ನೋಡಿ: ತಳ, ಹಿಡಿಕೆಯ ಬುಡ, ಮುಚ್ಚಳದ ಒಳಮೈ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು. ನಡೆಯುತ್ತಿರುವ ಸಿಂಹವಿದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಭಾಗ ಬೆಳ್ಳಿ. ಅದರ ಪಕ್ಕ ಲಂಗರಿದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆಯಿದ್ದರೆ ಲಂಡನ್, ಕಿರೀಟವಿದ್ದರೆ ಶೆಫೀಲ್ಡ್. ರಾಜನದೋ ರಾಣಿಯದೋ ತಲೆ ಇದ್ದರೆ ಅದು ಸಾಮಾನ್ಯವಾಗಿ ತೆರಿಗೆ ಮುದ್ರೆ. 1784ರಿಂದ 1890ರವರೆಗೆ ಮಾತ್ರ ಹಾಕುತ್ತಿದ್ದರು, ಕಾಲ ಹೇಳಲು ಒಳ್ಳೆಯ ಆಧಾರ. ‘ಇ.ಪಿ.ಎನ್.ಎಸ್.’ ಎಂಬ ನಾಲ್ಕು ಅಕ್ಷರ ಕಂಡರೆ ಜರ್ಮನ್ ಸಿಲ್ವರಿನ ಮೇಲೆ ವಿದ್ಯುತ್ತಿನಿಂದ ಹಿಡಿಸಿದ ಬೆಳ್ಳಿ ಗಿಲೀಟು. ಜರ್ಮನ್ ಸಿಲ್ವರ್ ತಾಮ್ರ, ನಿಕಲ್, ಸತುವಿನ ಬೆರಕೆ. ಹೆಸರಿನಲ್ಲಿ ಬಿಟ್ಟು ಬೇರೆಲ್ಲೂ ಬೆಳ್ಳಿ ಇಲ್ಲ. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್, ಕಛ್‌ನ ಭುಜದಲ್ಲಿ ‘ಒ.ಎಂ.’ ಎಂದು ಒತ್ತುತ್ತಿದ್ದ ಊಮರ್ಸಿ ಮಾವಜಿ, ಇಂಥ ಕೆಲವರ ಮುದ್ರೆ ಬಿಟ್ಟರೆ ಹಳೆಯ ದೇಶಿ ಬೆಳ್ಳಿಯಲ್ಲಿ ಬಹಳಷ್ಟಕ್ಕೆ ಮುದ್ರೆಯೇ ಇರುವುದಿಲ್ಲ. ಮುದ್ರೆ ಇಲ್ಲದ್ದು ನಕಲಿ ಎಂದೇನೂ ಅಲ್ಲ.

ಆಗ ಸಾಂದ್ರತೆ ನೋಡಬೇಕು. ಇದು ಮನೆಯಲ್ಲೇ ಆಗುವ, ಗೀರು ಬೀಳದ ಪರೀಕ್ಷೆ.

1. ಒಣ ವಸ್ತುವಿನ ತೂಕ ಬರೆದುಕೊಳ್ಳಿ. ಉದಾಹರಣೆಗೆ 412.0 ಗ್ರಾಂ.

2. ವಸ್ತು ಪೂರ್ತಿ ಮುಳುಗುವಷ್ಟು ನೀರಿರುವ ಪ್ಲಾಸ್ಟಿಕ್ ಬೋಗುಣಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಬೋಗುಣಿ-ನೀರಿನ ಭಾರ ತಕ್ಕಡಿಯ ಮಿತಿಯೊಳಗಿರಬೇಕು. ನೀರಿಗೆ ಒಂದೇ ಹನಿ ಸೋಪಿನ ದ್ರವ ಹಾಕಿದರೆ ಗುಳ್ಳೆ ಅಂಟುವುದಿಲ್ಲ.

3. ವಸ್ತುವನ್ನು ತೆಳು ನೈಲಾನ್ ದಾರದಲ್ಲಿ ಕಟ್ಟಿ, ಕೈಯಲ್ಲಿ ಹಿಡಿಯದೆ ಮೇಲಿನ ಅಡ್ಡಕೋಲಿಗೆ ತೂಗಿಸಿ ನೀರಿನಲ್ಲಿ ಮುಳುಗಿಸಿ. ತಳಕ್ಕೂ ಗೋಡೆಗೂ ತಾಗಬಾರದು.

4. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಅಷ್ಟೇ ಮಿಲಿಲೀಟರ್ ಆ ವಸ್ತುವಿನ ಗಾತ್ರ. 39.8 ಬಂತೆನ್ನಿ. 412.0 ಅನ್ನು 39.8ರಿಂದ ಭಾಗಿಸಿದರೆ 10.35.

ಶುದ್ಧ ಬೆಳ್ಳಿ 10.5, ಸ್ಟರ್ಲಿಂಗ್ 10.3ರಿಂದ 10.4, ಜರ್ಮನ್ ಸಿಲ್ವರ್ ಮತ್ತು ಹಿತ್ತಾಳೆ ಸುಮಾರು 8.4ರಿಂದ 8.8, ತಾಮ್ರ 8.9. ಅದೇ ತಾಟು ನೀರಿನಲ್ಲಿ 47.5 ತೋರಿಸಿದ್ದರೆ 8.67 ಆಗಿ ಗಿಲೀಟು ಎಂದು ತಿಳಿಯುತ್ತಿತ್ತು. ಪೊಳ್ಳು ಹಿಡಿಕೆ, ಅರಗು ತುಂಬಿದ ಗುಬಟಿ, ಕಟ್ಟಿಗೆಗೆ ಹೊದಿಸಿದ ಬೆಳ್ಳಿ ತಗಡು, ದಂತದ ಬಳೆ ಇರುವ ಚಹಾ ಕಿಟ್ಲಿ, ಇವುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ನೀರೂ ಒಳ್ಳೆಯದಲ್ಲ. ಅಯಸ್ಕಾಂತದಿಂದ ಏನೂ ತಿಳಿಯದು. ಬೆಳ್ಳಿಯೂ ಅಂಟದು, ಜರ್ಮನ್ ಸಿಲ್ವರೂ ಅಂಟದು.

ಪತ್ತಾರರ ಒರೆಗಲ್ಲು-ಆಮ್ಲದ ಪರೀಕ್ಷೆಗೆ ಒಪ್ಪಬೇಡಿ, ಗೀರು ಮತ್ತು ಕಲೆ ಉಳಿಯುತ್ತವೆ. ಹಾಲ್‌ಮಾರ್ಕ್ ಕೇಂದ್ರಗಳ ಎಕ್ಸ್-ರೇ ಯಂತ್ರದಿಂದ ವಸ್ತುವಿಗೆ ಏನೂ ಆಗುವುದಿಲ್ಲ, ಆದರೆ ಅದು ನೋಡುವುದು ಮೇಲ್ಪದರವನ್ನು ಮಾತ್ರ. ಹಳೆಯ ಕುಶಲಕರ್ಮಿಗಳು ಕಾಯಿಸಿ ಹುಳಿಯಲ್ಲಿ ಅದ್ದಿ ಬಿಳುಪು ತರುತ್ತಿದ್ದಾಗ ಮೇಲಿನ ತಾಮ್ರ ಕರಗಿ ಹೋಗಿ ಬರಿ ಬೆಳ್ಳಿ ಉಳಿದಿರುತ್ತದೆ. ಗಿಲೀಟಿನ ಮೇಲೂ ಯಂತ್ರ 98 ಶೇಕಡ ತೋರಿಸಬಹುದು. ಸವೆದ ಅಂಚು, ತಳದ ಉಂಗುರ, ಮೈ, ಹೀಗೆ ಕನಿಷ್ಠ ಮೂರು ಕಡೆ ನೋಡಲು ಹೇಳಿ. ಗಿಲೀಟು ಸವೆದ ಕಡೆ ತಾಮ್ರದ ಕೆಂಪೋ ಜರ್ಮನ್ ಸಿಲ್ವರಿನ ಹಳದಿ-ಬೂದಿಯೋ ಇಣುಕುತ್ತದೆ. ಅಂಥದ್ದನ್ನು ಇನ್ನು ಮೇಲೆ ಪಾಲಿಶ್ ಮಾಡಲೇಬೇಡಿ.

ತೊಳೆಯುವುದು: ಮೆಟ್ಟಿಲು ಮೆಟ್ಟಿಲಾಗಿ

ಮೊದಲ ಮೆಟ್ಟಿಲು ಸಾಕಾದರೆ ಎರಡನೆಯದಕ್ಕೆ ಹೋಗಬೇಡಿ. ತೆಳು ಹಳದಿ ಬಂದಿದೆಯೆಂದು ಮೂರನೆಯದಕ್ಕೆ ಜಿಗಿಯುವವರೇ ಹೆಚ್ಚು.

ಒಣ ಧೂಳು. ಮೃದುವಾದ ಆಡಿನ ಕೂದಲ ಬ್ರಷ್‌ನಿಂದ ಕೆತ್ತನೆಯ ಸಂದುಗಳನ್ನು ಜಾಡಿಸಿ. ಬ್ರಷ್‌ನ ತಗಡಿನ ಕಟ್ಟಿಗೆ ಬಟ್ಟೆಯ ಟೇಪ್ ಸುತ್ತಿರಲಿ, ಇಲ್ಲವಾದರೆ ಅದೇ ಗೀರುತ್ತದೆ. ನಮ್ಮ ಕಡೆಯ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಬೆಳ್ಳಿಗಿಂತ ಅವು ಎಷ್ಟೋ ಗಟ್ಟಿ. ಧೂಳು ಜಾಡಿಸದೆ ಬಟ್ಟೆಯಿಂದ ಒರೆಸಿದರೆ ಬಟ್ಟೆಯೇ ಉಪ್ಪುಕಾಗದ.

ಸೋಪಿನ ನೀರು. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಸಿ. ಪರಸಿ ಕಲ್ಲಿನ ಮೇಲೆ ಬೆಳ್ಳಿ ಇಡಬೇಡಿ, ಒಮ್ಮೆ ಕೈ ಜಾರಿದರೆ ಅಂಚು ಮಡಚುತ್ತದೆ. ಬೋರ್‌ವೆಲ್ ನೀರಿನ ಸುಣ್ಣ ಬಿಳಿ ಕಲೆ ಬಿಡುತ್ತದೆ, ನಳದ ನೀರಿನ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಬೆಳ್ಳಿಯನ್ನು ತಿನ್ನುತ್ತದೆ. ಆದ್ದರಿಂದ ಡಿಸ್ಟಿಲ್ಡ್ ನೀರು. ಬ್ಯಾಟರಿಗೆ ಹಾಕುವ ನೀರೆಂದು ಪೆಟ್ರೋಲ್ ಬಂಕಿನಲ್ಲಿ ಐದು ಲೀಟರ್ ಡಬ್ಬಿ ಸಿಗುತ್ತದೆ. ಡಬ್ಬಿಯ ಮೇಲೆ ‘ಆಸಿಡ್’ ಎಂದಿಲ್ಲವೆಂದು ಓದಿ ನೋಡಿ. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ ನಾಲ್ಕು ಹನಿ ಬಣ್ಣ-ಪರಿಮಳವಿಲ್ಲದ ಸೋಪಿನ ದ್ರವ. ಪಾತ್ರೆ ತೊಳೆಯುವ ನಿಂಬೆಯ ಸೋಪು ಬೇಡ. ಮೆತ್ತನೆಯ ಬ್ರಷ್‌ನಿಂದ ತೊಳೆದು ಎರಡು ಸಲ ಬರಿ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ತಕ್ಷಣ ಒರೆಸಿ. ಗುಲಾಬದಾನಿಯ ಕೊರಳು, ಸಮೆಯ ತಿರುಪಿನ ಗೆಣ್ಣುಗಳಲ್ಲಿ ಉಳಿದ ನೀರನ್ನು ಕೂದಲು ಒಣಗಿಸುವ ಯಂತ್ರದ ತಣ್ಣನೆಯ ಗಾಳಿಯಿಂದ ಓಡಿಸಿ. ಅರಗು ತುಂಬಿದ ವಸ್ತುಗಳನ್ನು ಮುಳುಗಿಸಬೇಡಿ, ಬಿಸಿ ಗಾಳಿಯನ್ನೂ ಕೊಡಬೇಡಿ. ಅರಗು ಮೆತ್ತಗಾದರೆ ಮೇಲಿನ ತಗಡು ಒಳಗೆ ಕುಸಿಯುತ್ತದೆ. ಇವನ್ನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು.

ಸಮೆಗೆ ಹತ್ತಿದ ಹಳೆಯ ಎಣ್ಣೆ ಜಿಡ್ಡಿಗೆ ಔಷಧಿ ಅಂಗಡಿಯ ಐಸೊಪ್ರೊಪೈಲ್ ಸ್ಪಿರಿಟ್ ಹತ್ತಿಯಲ್ಲಿ ಅದ್ದಿ ಇಡಿ, ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಪಾನದಾನದ ಡಬ್ಬಿಯಲ್ಲಿ ಗಟ್ಟಿಯಾದ ಸುಣ್ಣಕ್ಕೆ ಒದ್ದೆ ಹತ್ತಿ ತುಂಬಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬಿದಿರು ಕಡ್ಡಿಯಿಂದ ಬಿಡಿಸಿ. ವಿನೆಗರ್ ಹಾಕಿದರೆ ಸುಣ್ಣ ಬೇಗ ಹೋಗುತ್ತದೆ, ಜೊತೆಗೆ ಬೆಸುಗೆಯಲ್ಲಿನ ತಾಮ್ರವೂ ಹೋಗುತ್ತದೆ. ಕಾಚಿನ ಕೆಂಪು ಕಲೆ ಬಿಡದಿದ್ದರೆ ಬಿಟ್ಟುಬಿಡಿ. ಪಾನದಾನ ಪಾನದಾನವಾಗಿತ್ತು ಎಂಬುದಕ್ಕೆ ಅದೂ ಒಂದು ದಾಖಲೆ.

ಸುಣ್ಣಪುಡಿಯ ಲೇಪ. ಕಪ್ಪು ದಟ್ಟವಾಗಿದ್ದು, ಕೆತ್ತನೆಯೇ ಕಾಣದಂತಾಗಿದ್ದರೆ ಮಾತ್ರ. ಪ್ರಯೋಗಾಲಯದ ಸಾಮಾನು ಮಾರುವಲ್ಲಿ ‘ಪ್ರೆಸಿಪಿಟೇಟೆಡ್ ಕ್ಯಾಲ್ಸಿಯಂ ಕಾರ್ಬೊನೇಟ್’ ಎಂದು ಕೇಳಿ. ಸೀಮೆಸುಣ್ಣ ಕುಟ್ಟಿದ ಪುಡಿ ಇದಕ್ಕೆ ಆಗದು, ಅದರಲ್ಲಿ ಹರಳುಗಳಿರುತ್ತವೆ. ಎರಡು ಚಮಚ ಪುಡಿಗೆ ಒಂದೊಂದು ಚಮಚ ಡಿಸ್ಟಿಲ್ಡ್ ನೀರು ಮತ್ತು ಸ್ಪಿರಿಟ್ ಹಾಕಿ ಗಟ್ಟಿ ಮೊಸರಿನ ಹದಕ್ಕೆ ಕಲಸಿ. ತಳದ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷೆ. ಆಮೇಲೆ ಅಂಗೈಯಗಲದಷ್ಟೇ ಜಾಗ ಹಿಡಿದು, ಹತ್ತಿಯ ಉಂಡೆಯಿಂದ ಒತ್ತದೆ ಸವರಿ. ಹತ್ತಿ ಕಪ್ಪಾದ ಕೂಡಲೇ ಬದಲಿಸಿ. ಲೇಪ ಸಂದಿನಲ್ಲಿ ಒಣಗಲು ಬಿಡಬಾರದು, ಬಿಳಿ ಕಟ್ಟಿದರೆ ಮತ್ತೆ ಉಜ್ಜಬೇಕಾಗುತ್ತದೆ. ಜಾಲಿಸಿ, ಒಣಗಿಸಿ, ಮುಂದಿನ ಜಾಗಕ್ಕೆ ಹೋಗಿ.

ನಿಲ್ಲಿಸುವುದು ಯಾವಾಗ? ಉಬ್ಬಿದ ಭಾಗ ಬೆಳ್ಳಗೆ, ತಗ್ಗು ಕಪ್ಪಾಗಿ ಇರುವಾಗ. ಬಳ್ಳಿ ಬಳ್ಳಿಯಾಗಿ ಕಾಣುವುದು ಆ ನೆರಳಿನಿಂದ. ಎಷ್ಟೋ ಕುಶಲಕರ್ಮಿಗಳು ಆ ಕಪ್ಪನ್ನು ಬೇಕೆಂದೇ ಹಿಡಿಸಿದ್ದಾರೆ. ಒಳಗೆ ಚಿನ್ನದ ನೀರು ಕೊಟ್ಟ ಬಟ್ಟಲುಗಳಿಗೆ ಈ ಲೇಪ ಮುಟ್ಟಿಸಬೇಡಿ. ಅಲ್ಲಿನ ಕಂದು, ಕೆಳಗಿನ ಬೆಳ್ಳಿಯಿಂದ ಚಿನ್ನದ ಸಣ್ಣ ರಂಧ್ರಗಳ ಮೂಲಕ ಮೇಲೆ ಬಂದದ್ದು. ಉಜ್ಜಿದರೆ ಮೊದಲು ಹೋಗುವುದು ಚಿನ್ನ. ಇನ್ನು, ಕೆಲವು ಸ್ಟರ್ಲಿಂಗ್ ವಸ್ತುಗಳ ಮೇಲೆ ನೇರಳೆ ಛಾಯೆಯ ಮಬ್ಬು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದು ತಯಾರಿಸುವಾಗ ಬೆಂಕಿಯಲ್ಲಿ ಒಳಗಿನ ತಾಮ್ರ ಸುಟ್ಟ ಕಲೆ. ಅದರ ಬೆನ್ನು ಹತ್ತಬೇಡಿ.

ಏನು ಬೇಡ, ಏಕೆ

ವಿಭೂತಿ ಬೂದಿಯೇ, ಸಿಲಿಕಾ ಇದ್ದೇ ಇರುತ್ತದೆ. ಹಣೆಗೆ ಮೆತ್ತಗೆ ಅನಿಸಿದ್ದು ಬೆಳ್ಳಿಗೆ ಮೆತ್ತಗಲ್ಲ. ಹಲ್ಲುಪುಡಿ, ಇಟ್ಟಂಗಿ ಪುಡಿಯದೂ ಇದೇ ಕಥೆ. ಹುಣಸೆ, ನಿಂಬೆ ತಾಮ್ರದ ಅಂಶವನ್ನು ತೆಗೆದು ಬಿಳಿಚಿದ, ರಂಧ್ರಗಳ ಮೈ ಬಿಡುತ್ತವೆ, ಅಂಥ ಮೈ ಇನ್ನೂ ಬೇಗ ಕಪ್ಪಾಗುತ್ತದೆ.

ಅದ್ದಿದರೆ ಕ್ಷಣದಲ್ಲಿ ಬೆಳ್ಳಗಾಗುವ ಬಾಟಲಿ ದ್ರಾವಣದಲ್ಲಿ ಥಯೊಯೂರಿಯ ಮತ್ತು ಆಮ್ಲವಿರುತ್ತವೆ. ತಗ್ಗಿನ ಕಪ್ಪೆಲ್ಲ ಒಮ್ಮೆಗೇ ಹೋಗಿ ಕೆತ್ತನೆ ಚಪ್ಪಟೆಯಾಗುತ್ತದೆ. ಪೊಳ್ಳು ಹಿಡಿಕೆಯೊಳಗೆ ಹೊಕ್ಕ ದ್ರಾವಣ ಹೊರಬರುವುದಿಲ್ಲ, ವರ್ಷಾನುಗಟ್ಟಲೆ ಒಳಗಿನಿಂದ ತಿನ್ನುತ್ತದೆ. ಅಲ್ಯುಮಿನಿಯಂ ಹಾಳೆ ಹಾಸಿ ಬಿಸಿ ನೀರು, ಅಡಿಗೆ ಸೋಡಾ ಹಾಕುವ ವಿಡಿಯೊಗಳು ಈಗ ಬಹಳ. ರಸಾಯನಶಾಸ್ತ್ರ ಸರಿಯೇ: ಅಲ್ಯುಮಿನಿಯಂ ಗಂಧಕವನ್ನು ಬಿಡಿಸಿ ಬೆಳ್ಳಿಯನ್ನು ಅಲ್ಲೇ ಉಳಿಸುತ್ತದೆ. ಆದರೆ ಹಾಗೆ ಉಳಿದ ಬೆಳ್ಳಿ ಮಂಕಾಗಿ, ಸಡಿಲವಾಗಿ ಕೂರುತ್ತದೆ. ಬೇಕೆಂದೇ ಹಿಡಿಸಿದ ಕಪ್ಪು ಉಳಿಯುವುದಿಲ್ಲ, ಬಿಸಿಗೆ ಅರಗು ಕರಗುತ್ತದೆ. ದಿನಬಳಕೆಯ ಚಮಚಕ್ಕೆ ಸರಿ, ಅತ್ತರದಾನಿಗೆ ಅಲ್ಲ. ಪತ್ತಾರರ ಬಫ್ ಯಂತ್ರಕ್ಕೆ ಕೊಟ್ಟರೆ ಹೊಸದರಂತೆ ಬರುತ್ತದೆ, ಮುದ್ರೆ ಮಾತ್ರ ಅರ್ಧ ಬರುತ್ತದೆ.

ಬಿದರಿಗೆ ಬೇರೆಯೇ ನಿಯಮ

ಬಿದರಿ ವಸ್ತುವಿನ ಮೈ ಬೆಳ್ಳಿಯದಲ್ಲ. ಸತುವೇ ಹೆಚ್ಚು, ಸುಮಾರು 16 ಭಾಗ ಸತುವಿಗೆ ಒಂದು ಭಾಗ ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಉಳಿಯಿಂದ ತೋಡಿ, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ಬಿಸಿ ನೀರಿನಲ್ಲಿ ಅದ್ದುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ತಂತಿ ಕೂರಿಸಿದ್ದು ತಾರಕಶಿ, ತಗಡು ಕೂರಿಸಿದ್ದು ತೈನಿಶಾನ್, ಉಬ್ಬಿಸಿದ್ದು ಜರನಿಶಾನ್. ಅಫ್ತಾಬಿಯಲ್ಲಿ ಲೆಕ್ಕ ತಿರುವುಮುರುವು: ಮೈತುಂಬ ಬೆಳ್ಳಿ ತಗಡು, ಅದರಲ್ಲಿ ಕತ್ತರಿಸಿ ತೆಗೆದ ಜಾಗದಲ್ಲಿ ಕರಿ ಹೂವು.

ಆ ಕಪ್ಪು ತೀರಾ ತೆಳುವಾದ ಪದರ. ಅದರ ಕೆಳಗಿನ ಸತು ಆಮ್ಲಕ್ಕೂ ಕ್ಷಾರಕ್ಕೂ ಒಗ್ಗದ ಲೋಹ. ಮೇಲೆ ಹೇಳಿದ ಯಾವ ಲೇಪ, ಯಾವ ದ್ರಾವಣವೂ ಬಿದರಿಗೆ ಬೇಡ, ಸಾಂದ್ರತೆಯ ಪರೀಕ್ಷೆಗೆಂದು ನೀರಿಗೂ ಇಳಿಸಬೇಡಿ. ಅಸಲಿಯೋ ಎಂದು ತಿಳಿಯಲು ತಳವನ್ನೂ ಒಳಬಾಯಿಯನ್ನೂ ನೋಡಿ. ಕಪ್ಪು ಸವೆದ ಕಡೆ ಸತುವಿನ ಬೂದು ಕಾಣಬೇಕು, ಕೈಗೆ ಭಾರ ಎನಿಸಬೇಕು. ಅಲ್ಯುಮಿನಿಯಂಗೆ ಕರಿ ಬಣ್ಣ ಬಳಿದ ನಕಲು ಎತ್ತಿದೊಡನೆ ತಿಳಿಯುತ್ತದೆ. ಗಾತ್ರ ಒಂದೇ ಆದರೂ ತೂಕ ಅರ್ಧಕ್ಕಿಂತ ಕಡಿಮೆ.

ಆರೈಕೆ ಇಷ್ಟೇ: ಬ್ರಷ್‌ನಿಂದ ಧೂಳು, ಆಮೇಲೆ ಒಣ ಮೃದು ಹತ್ತಿ ಬಟ್ಟೆ. ಕೂರಿಸಿದ ಬೆಳ್ಳಿ ಕಪ್ಪಾಗಿ ವಿನ್ಯಾಸ ಕಾಣದಂತಾಗಿದ್ದರೆ, ಸ್ಪಿರಿಟ್ ತಾಗಿಸಿ ಬಹುತೇಕ ಒಣಗಿಸಿದ ಹತ್ತಿ ಕಡ್ಡಿಯಿಂದ ಬೆಳ್ಳಿಯ ಮೇಲಷ್ಟೇ ಸವರಿ. ಕಡ್ಡಿಗೆ ಬೂದು ಹತ್ತಿದರೆ ಪದರ ಏಳುತ್ತಿದೆ ಎಂದರ್ಥ, ನಿಲ್ಲಿಸಿ. ಕೆಲಸಗಾರರು ಹೊಸ ಬಿದರಿಗೆ ಎಣ್ಣೆ ಸವರಿ ಕಪ್ಪನ್ನು ಗಾಢಗೊಳಿಸುತ್ತಾರೆ. ಹಳೆಯದಕ್ಕೆ ಎಣ್ಣೆ ಬೇಡ, ಧೂಳು ಹಿಡಿದು ಅಂಟಾಗುತ್ತದೆ. ಮ್ಯೂಸಿಯಂಗಳಲ್ಲಿ ಬಳಸುವ ಮೈಕ್ರೊಕ್ರಿಸ್ಟಲೈನ್ ಮೇಣವನ್ನು ಬಟ್ಟೆಯಲ್ಲಿ ಕಾಳಿನಷ್ಟು ತೆಗೆದುಕೊಂಡು ತೆಳುವಾಗಿ ಹಚ್ಚಿ, ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಬಿಳಿ ಹಿಟ್ಟಿನಂಥದ್ದು ಹುಟ್ಟಿದ್ದರೆ ಅದು ತೇವ ಹಿಡಿದ ಸತುವಿನ ಬೂಷ್ಟು. ಒಣ ಬ್ರಷ್‌ನಿಂದ ಜಾಡಿಸಿ, ಒಣ ಜಾಗಕ್ಕೆ ಬದಲಿಸಿ. ಹುಕ್ಕಾ ಬುರುಡೆಯಲ್ಲಿ ನೀರು ಹಾಕಿ ಹೂ ಇಡುವುದು ಇಂದಿನ ಬೈಠಕಖಾನೆಗಳ ಹೊಸ ಚಾಳಿ. ಒಳಗಿನಿಂದ ತಿಂದು ಹೋಗುತ್ತದೆ. ಊಟದ ವಸ್ತುವನ್ನೂ, ಅದರಲ್ಲೂ ಮಜ್ಜಿಗೆ, ಹುಳಿ, ಹಣ್ಣುಗಳನ್ನು, ಬಿದರಿಯಲ್ಲಿ ಇಡಬೇಡಿ. ಕೈಯಿಂದ ಜಾರಿದರೆ ಬೆಳ್ಳಿಯಂತೆ ತಗ್ಗು ಬೀಳುವುದಿಲ್ಲ, ಒಡೆಯುತ್ತದೆ.

ಎದ್ದು ನಿಂತ ತಂತಿಯನ್ನು ಅಂಟು ಹಾಕಿ ಒತ್ತಬೇಡಿ. ಬೀದರಿನಲ್ಲಿ ಈ ಕಸುಬು ಇನ್ನೂ ಜೀವಂತವಾಗಿದೆ. ಶಾ ರಶೀದ್ ಅಹ್ಮದ್ ಕಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕಲೆಗೆ. ತಂತಿ ಮರಳಿ ಕೂರಿಸಲು ಕೆಲಸಗಾರರ ಬಳಿ ಹೋಗಿ. ಆದರೆ ‘ಪೂರ್ತಿ ಹೊಸ ಕಪ್ಪು ಕೊಡುತ್ತೇವೆ’ ಎಂದರೆ ಬೇಡ ಎನ್ನಿ. ಹೊಸ ಕಪ್ಪು ಕೊಡಲು ಹಳೆಯ ಮೈಯನ್ನು ಮೊದಲು ಉಜ್ಜಬೇಕಾಗುತ್ತದೆ.

ಎತ್ತಿಡುವ ಜಾಗ, ಸುತ್ತಲಿನ ಗಾಳಿ

ಬೆಳ್ಳಿ ಅಲಮಾರಿಯ ಕೋಣೆಯಲ್ಲಿ ಏನಿರಬಾರದು ಎಂಬ ಯಾದಿ ಉದ್ದವಿದೆ. ಉಳ್ಳಾಗಡ್ಡಿ, ಬಳ್ಳೊಳ್ಳಿಯ ಗೊಂಚಲು, ಊದಿನಕಡ್ಡಿ, ಕಂಬಳಿ, ಹಳೆಯ ಪತ್ರಿಕೆಗಳ ಕಟ್ಟು. ಬಚ್ಚಲಿನ ಗುಂಡಿಗೆ ತೆರೆದ ಕಿಟಕಿ. ಇನ್ವರ್ಟರ್ ಬ್ಯಾಟರಿಯನ್ನೂ ಮರೆಯಬೇಡಿ, ಹೆಚ್ಚು ಚಾರ್ಜ್ ಆದ ಸೀಸ-ಆಮ್ಲದ ಬ್ಯಾಟರಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬಿಡುತ್ತದೆ, ಬೆಳ್ಳಿಯನ್ನು ಕರಿ ಮಾಡುವುದು ಅದೇ ಅನಿಲ.

ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ಅಪಾಯ ತೊಗರಿಯದು. ವಾಡೆಯ ಉಗ್ರಾಣದಲ್ಲಿ ತೊಗರಿ ಚೀಲ ಒಟ್ಟಿ, ಹುಳಕ್ಕೆಂದು ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಇಡುತ್ತಾರೆ. ಅದು ಬಿಡುವ ಫಾಸ್ಫೀನ್ ಮನುಷ್ಯರಿಗೆ ಮಾರಕ, ತಾಮ್ರ, ಬೆಳ್ಳಿ, ಚಿನ್ನವನ್ನೂ ತಿನ್ನುತ್ತದೆ. ಗುಳಿಗೆ ಇಡುವ ಕೋಣೆಗೆ ಅಂಟಿದ ಕೋಣೆಯಲ್ಲಿ ಬೆಳ್ಳಿಯೂ ಬೇಡ, ಮಲಗುವುದೂ ಬೇಡ. ಬೆಳೆಗೆ ಹೊಡೆಯುವ ಗಂಧಕದ ಪುಡಿಯ ಚೀಲವೂ ಅಷ್ಟೇ.

ಸುತ್ತುವ ಬಟ್ಟೆ ಬಿಳಿ ಮಲ್ ಇರಲಿ. ಹೊಸ ಬಟ್ಟೆಯ ಗಂಜಿ ಹೋಗುವಂತೆ ಎರಡು ಸಲ ಬರಿ ಸೋಪಿನಲ್ಲಿ ಒಗೆಯಿರಿ, ನೀಲಿ ಹಾಕಬೇಡಿ. ಸುತ್ತಿದ ವಸ್ತುವನ್ನು ಪಾಲಿಥೀನ್ ಜಿಪ್ ಚೀಲದಲ್ಲಿ ಹಾಕಿ ಗಾಳಿ ಒತ್ತಿ ತೆಗೆಯಿರಿ. ಹೊಸ ಚಪ್ಪಲಿಯಂಥ ವಾಸನೆಯ ಪಿ.ವಿ.ಸಿ. ಚೀಲ ಬೇಡ. ಒಳಗೆ ತೇವ ಉಳಿದಿದ್ದರೆ ಚೀಲವೇ ಶತ್ರು, ಹಾಗಾಗಿ ತೊಳೆದ ದಿನ ಕಟ್ಟದೆ ಮರುದಿನ ಕಟ್ಟಿ. ವಿಲಾಯತಿ ಸೆಟ್ಟುಗಳು ಬಂದ ಮಖಮಲ್ ಪೆಟ್ಟಿಗೆ ಚಂದ, ಅದರ ಒಳಗಿನ ಉಣ್ಣೆ ಮತ್ತು ಅಂಟಿನಿಂದ ಬೆಳ್ಳಿ ಕಪ್ಪಾಗುತ್ತದೆ. ಪೆಟ್ಟಿಗೆಯನ್ನು ಬೇರೆ ಇಡಿ, ಆದರೆ ಎಸೆಯಬೇಡಿ, ತಯಾರಕರ ಹೆಸರು ಮುಚ್ಚಳದ ಒಳಗೇ ಇರುತ್ತದೆ.

ಕಬ್ಬಿಣದ ಟ್ರಂಕಿಗೆ ಹೊಸ ಬಣ್ಣ ಹೊಡೆಸಿದ್ದರೆ ನಾಲ್ಕು ವಾರ ತೆರೆದು ವಾಸನೆ ಹೋಗಲಿ. ಬಾಗಿಲಿಗೆ ರಬ್ಬರ್ ಪಟ್ಟಿ ಇರುವ ಅಲಮಾರಿ ಬೇಡ. ಪ್ಲೈವುಡ್, ಹೊಸ ಕಟ್ಟಿಗೆಯ ಆಮ್ಲದ ಆವಿ ಬೆಳ್ಳಿಗಿಂತ ಬಿದರಿಯ ಸತುವಿಗೆ ಹೆಚ್ಚು ಹಾನಿ. ಕರ್ಪೂರ, ಡಾಂಬರು ಗುಳಿಗೆಯಿಂದ ಬೆಳ್ಳಿಗೆ ಲಾಭವಿಲ್ಲ, ಅವುಗಳ ಹರಳು ಮೈಮೇಲೆ ಕೂರುತ್ತದೆ.

ತೇವ 50 ಶೇಕಡದ ಕೆಳಗಿದ್ದರೆ ಒಳ್ಳೆಯದು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ನಮ್ಮ ಕಡೆ ಅದು ತಾನಾಗಿಯೇ ಆಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸಿಲಿಕಾ ಜೆಲ್ ಬೇಕು. ಒಂದು ಘನ ಮೀಟರಿಗೆ 20 ಕಿಲೊ ಎಂಬುದು ರೂಢಿಯ ಲೆಕ್ಕ. 60, 40, 25 ಸೆಂಟಿಮೀಟರಿನ ಟ್ರಂಕು 60 ಲೀಟರ್ ಹಿಡಿಯುತ್ತದೆ, ಅದಕ್ಕೆ 1.2 ಕಿಲೊ. ಬೂಟಿನ ಡಬ್ಬಿಯಲ್ಲಿ ಬರುವ ಎರಡು ಪುಟ್ಟ ಪೊಟ್ಟಣದಿಂದ ಏನೂ ಆಗದು. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ಹಸಿರಾದಾಗ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು-ಮೂರು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಜೆಲ್ ನೇರ ಬೆಳ್ಳಿಗೆ ತಾಗದಿರಲಿ.

ಇಷ್ಟೆಲ್ಲ ಮಾಡಿದ್ದು ಫಲಿಸುತ್ತಿದೆಯೇ ಎಂದು ತಿಳಿಯಲು ಸರಾಫರಿಂದ ಬೆರಳುದ್ದದ ಶುದ್ಧ ಬೆಳ್ಳಿ ಪಟ್ಟಿಗಳು ಎರಡನ್ನು ತನ್ನಿ. ಎರಡನ್ನೂ ಬೆಳಗಿಸಿ, ಒಂದನ್ನು ಟ್ರಂಕಿನಲ್ಲಿ, ಇನ್ನೊಂದನ್ನು ಕೋಣೆಯಲ್ಲಿ ತೆರೆದಿಡಿ, ತಾರೀಖು ಬರೆಯಿರಿ. ತಿಂಗಳಿಗೊಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಟ್ರಂಕಿನ ಪಟ್ಟಿಯೇ ಮೊದಲು ಹಳದಿಯಾದರೆ ಗಂಧಕ ಒಳಗೇ ಇದೆ: ಬಟ್ಟೆ, ಬಣ್ಣ, ರಬ್ಬರ್, ಅಂಟು.

ಹಬ್ಬಕ್ಕೆ ಬಳಸುವಾಗ

ಎತ್ತಿಟ್ಟೇ ಇರಬೇಕೆಂದೇನಿಲ್ಲ. ಗಟ್ಟಿ ಬೆಳ್ಳಿಯ ತಾಟಿನಲ್ಲಿ ಉಣ್ಣಬಹುದು; ಬಳಕೆಯಲ್ಲಿರುವ, ಅಂದಂದೇ ತೊಳೆಯುವ ಬೆಳ್ಳಿ ಪೆಟ್ಟಿಗೆಯದಕ್ಕಿಂತ ನಿಧಾನ ಕಪ್ಪಾಗುತ್ತದೆ. ಉಪ್ಪು, ಉಪ್ಪಿನಕಾಯಿ, ನಿಂಬೆ ಹೋಳನ್ನು ಬೇರೆ ಗಾಜಿನ ಬಟ್ಟಲಲ್ಲಿ ಬಡಿಸಿ. ಮೊಟ್ಟೆ, ಉಳ್ಳಾಗಡ್ಡಿಯ ಅಡಿಗೆಗೆ ಬೇರೆ ತಾಟು. ಊಟವಾದ ಒಂದು ಗಂಟೆಯೊಳಗೆ ತೊಳೆಯಿರಿ, ಸ್ಟೀಲ್ ಭಾಂಡೆಗಳ ರಾಶಿಯಲ್ಲಿ ಸೇರಿಸದೆ. ಆರತಿ ತಟ್ಟೆಯಲ್ಲಿ ಕುಂಕುಮ-ಅರಿಷಿಣ ನೇರ ಹಾಕದೆ ಎಲೆಯೊಂದನ್ನು ಹಾಸಿ. ಮೇಣ ಹಚ್ಚಿದ ವಸ್ತು ಪ್ರದರ್ಶನಕ್ಕೆ ಮಾತ್ರ, ಊಟಕ್ಕಲ್ಲ. ಮೇಣದಬತ್ತಿ ಕರಗಿ ಬಿದ್ದಿದ್ದರೆ ಚಾಕು ಬೇಡ, ಮಂಜುಗಡ್ಡೆಯ ಚೀಲ ಇಟ್ಟು ಗಟ್ಟಿಯಾದ ಮೇಲೆ ಬಿದಿರು ಕಡ್ಡಿಯಿಂದ ಎಬ್ಬಿಸಿ.

ರಿಪೇರಿ, ಕಾನೂನು

ಕಳಚಿದ ಹಿಡಿಕೆಗೆ ಸೀಸ-ತವರದ ಬೆಸುಗೆ ಹಾಕಿಸಬೇಡಿ. ಮುಂದೆ ಯಾರಾದರೂ ಬೆಳ್ಳಿ ಬೆಸುಗೆಗೆಂದು ಕಾಯಿಸಿದಾಗ ಆ ಸೀಸ ಬೆಳ್ಳಿಯನ್ನು ತೂತು ಮಾಡುತ್ತದೆ. ತಗ್ಗನ್ನೂ ಬಡಿದು ಎತ್ತಿಸಬೇಡಿ, ಹಳೆಯ ಬೆಳ್ಳಿ ಗಡುಸಾಗಿ ಬಿರಿಯುತ್ತದೆ. ಕಳಚಿದ ತುಂಡನ್ನು ಅದೇ ಸಂಖ್ಯೆಯ ಚೀಟಿಯೊಂದಿಗೆ ಬೇರೆ ಚೀಲದಲ್ಲಿ ಕಟ್ಟಿಡಿ. ತಜ್ಞರು ಬೇಕಾದರೆ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯಕ್ಕೆ ಮೈಸೂರಿನಲ್ಲಿ ಪ್ರಾದೇಶಿಕ ಶಾಖೆಯಿದೆ. ಬಿದರಿಯ ಹೋಲಿಕೆಗೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ಸಂಗ್ರಹ ಹತ್ತಿರದ್ದು.

ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ, ಅಮೆರಿಕದಲ್ಲಿರುವ ಮಗಳಿಗೆ ಅಜ್ಜಿಯ ಗುಲಾಬದಾನಿಯನ್ನು ಸೂಟ್‌ಕೇಸಿನಲ್ಲಿ ಕಳಿಸುವುದೂ ಅದರಲ್ಲಿ ಬಂತು. ಅಂಥ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಮಕ್ಕಳಲ್ಲಿ ಪಾಲಾಗುವಾಗ ಯಾವ ಸಂಖ್ಯೆ ಯಾರಿಗೆ ಹೋಯಿತೆಂದು ದಫ್ತರದಲ್ಲೇ ಬರೆದು, ತಾರೀಖು ಹಾಕಿ, ಸೆಟ್ಟು ಒಡೆಯದಂತೆ ಹಂಚಿ. ಪಾನದಾನ ಒಬ್ಬರಿಗೆ, ಅದರೊಳಗಿನ ಸುಣ್ಣದ ಡಬ್ಬಿ ಇನ್ನೊಬ್ಬರಿಗೆ ಹೋದರೆ ಎರಡೂ ಕೆಲವೇ ವರ್ಷಗಳಲ್ಲಿ ಕರಗಿಸುವ ಮೂಸೆಗೆ ಸೇರುತ್ತವೆ.